ಮೂರು ಮಕ್ಕಳು ಹೋದರು, 15,000 ರೂಪಾಯಿ ಹೋಯಿತು

ಮಗಳು ಮೂರನೇ ತರಗತಿಗೆ ಬಂದ ವರ್ಷ, 2022ರಲ್ಲಿ, ಊರಿನವರು ನನ್ನನ್ನು ಎಸ್‌ಡಿಎಂಸಿ, ಅಂದರೆ ಶಾಲೆಯ ಅಭಿವೃದ್ಧಿ ಮತ್ತು ಉಸ್ತುವಾರಿ ಸಮಿತಿಯ ಅಧ್ಯಕ್ಷೆ ಮಾಡಿದರು. ಅಲ್ಲಿಯವರೆಗೆ ಶಾಲೆಯ ಬಗ್ಗೆ ನನಗೆ ಗೊತ್ತಿದ್ದದ್ದು ಮಗಳ ಬ್ಯಾಗು, ಯೂನಿಫಾರಂ, ಟೀಚರ್ ಹೆಸರು, ಅಷ್ಟೆ. ಆ ಮಳೆಗಾಲ ಮುಗಿಯುವಷ್ಟರಲ್ಲಿ ಶಾಲೆಯ ಮಾಡಿನಲ್ಲಿ, ಅಂದರೆ ಸೂರಿನಲ್ಲಿ, ಎಷ್ಟು ಸಾಲು ಹಂಚು ಇದೆ, ಹಂಚು ಹೊರುವ ಯಾವ ಪಕಾಸಿಗೆ ಗೆದ್ದಲು ಹಿಡಿದಿದೆ, ಯಾವ ಮೂಲೆಯಲ್ಲಿ ಬಕೆಟ್ ಇಡಬೇಕು, ಎಲ್ಲ ಬಾಯಿಪಾಠ ಆಗಿತ್ತು.

ಮಡಿಕೇರಿಯಿಂದ ಭಾಗಮಂಡಲದ ಕಡೆ ಹೋಗುವ ದಾರಿಯಲ್ಲಿ ಒಳಗೆ ಇಳಿದರೆ ನಮ್ಮೂರು. ಕಿರಿಯ ಪ್ರಾಥಮಿಕ ಶಾಲೆ, ಒಂದರಿಂದ ಐದು. ಎರಡು ಕೋಣೆ, ಒಂದು ಆಫೀಸು, ಹಿಂದೆ ಅಡುಗೆ ಕೋಣೆ. ಹಳೆಯ ಕಟ್ಟಡ, ಮಂಗಳೂರು ಹಂಚು. ಈ ಕಡೆ ವರ್ಷಕ್ಕೆ 5,000 ಮಿಲಿಮೀಟರ್ ಹತ್ತಿರ ಮಳೆ ಬೀಳುತ್ತದೆ, ಕೆಲವು ವರ್ಷ ಅದನ್ನೂ ದಾಟುತ್ತದೆ. ಅದರಲ್ಲಿ ಹೆಚ್ಚಿನದು ಜೂನ್‌ನಿಂದ ಆಗಸ್ಟ್‌ವರೆಗೆ, ಅಂದರೆ ಶಾಲೆ ಶುರುವಾಗಿ ಮಕ್ಕಳು ಆಗಷ್ಟೇ ಅಕ್ಷರ ಹಿಡಿಯುವ ಹೊತ್ತಿಗೆ.

ಕಕ್ಕಡದ, ಅಂದರೆ ಜುಲೈ-ಆಗಸ್ಟ್ ನಡುವಿನ ಜೋರು ಮಳೆಯ ತಿಂಗಳ, ಒಂದು ದಿನ ಬೆಳಿಗ್ಗೆ ಹನ್ನೊಂದರ ಹೊತ್ತಿಗೆ ಶಾಲೆಗೆ ಹೋಗಿದ್ದೆ. ಆ ದಿನ ಮಳೆ ರಜೆ ಕೊಟ್ಟಿರಲಿಲ್ಲ. ಆಟ, ಚಟುವಟಿಕೆಯಿಂದ ಕಲಿಸುವ ನಲಿಕಲಿ ಕೋಣೆಯಲ್ಲಿ ಒಂದು, ಎರಡು, ಮೂರನೇ ತರಗತಿಯವರು ಒಟ್ಟಿಗೆ ಕೂರುತ್ತಾರೆ. ಗುಂಪಿಗೊಂದರಂತೆ ಐದು ಕಲಿಕೆಯ ತಟ್ಟೆಗಳ ಸುತ್ತ ಕೂರಬೇಕಾದ ಮಕ್ಕಳು ಅವತ್ತು ಒಂದೇ ಗೋಡೆಗೆ ಒತ್ತಿಕೊಂಡು ಕೂತಿದ್ದರು. ಕೋಣೆಯ ನಡುವೆ ಎರಡು ಬಕೆಟ್, ಬಿಸಿಯೂಟದ ಒಂದು ಪಾತ್ರೆ. ತಲೆಯ ಮೇಲೆ ದಾರ ಕಟ್ಟಿ ಮಕ್ಕಳು ಬರೆದ ಚಿತ್ರಗಳನ್ನು ತೂಗುಹಾಕುತ್ತಾರಲ್ಲ, ಆ ಚಪ್ಪರದಿಂದ ನೀರು ತೊಟ್ಟಿಕ್ಕುತ್ತಿತ್ತು. ಒಂದು ಕಾಗದದಲ್ಲಿ ಆನೆ. ಅದರ ಬಣ್ಣ ಕರಗಿ ಕೆಳಗಿನ ಮಗುವಿನ ಸ್ವೆಟರ್ ಮೇಲೆ ಬೂದು ಬಣ್ಣದ ಕಲೆಯಾಗಿತ್ತು. ಟೀಚರ್ ಒಂದು ಕಾರ್ಡ್ ಎತ್ತಿ ಹಿಡಿದು ಓದಿಸುತ್ತಿದ್ದರು. ಮಳೆಯ ಸದ್ದಿಗೆ ಅವರ ಬಾಯಿ ಆಡುವುದು ಮಾತ್ರ ಕಾಣುತ್ತಿತ್ತು. ಮಕ್ಕಳು ಅವರ ತುಟಿ ನೋಡಿಕೊಂಡೇ ಉತ್ತರ ಹೇಳುತ್ತಿದ್ದರು. ನನ್ನ ಮಗಳೂ ಅವರಲ್ಲಿದ್ದಳು.

ಆ ವರ್ಷ ನಮ್ಮ ಶಾಲೆಯಲ್ಲಿ 32 ಮಕ್ಕಳು. ಹೀಗಾಗಿ ಸಮಗ್ರ ಶಿಕ್ಷಣ ಅನ್ನುವ ಸರ್ಕಾರಿ ಯೋಜನೆಯ ಶಾಲಾ ಅನುದಾನ 25,000 ರೂಪಾಯಿ ಬಂತು. ಲೆಕ್ಕ ಗೊತ್ತಿಲ್ಲದವರಿಗೆ ಹೇಳಿಬಿಡುತ್ತೇನೆ. 30 ಮಕ್ಕಳವರೆಗೆ ವರ್ಷಕ್ಕೆ 10,000. 31ರಿಂದ 100ರವರೆಗೆ 25,000. 250ರವರೆಗೆ 50,000. ಅದರಾಚೆ 1,000 ಮಕ್ಕಳವರೆಗೆ 75,000. ಅದಕ್ಕಿಂತ ದೊಡ್ಡ ಶಾಲೆಗೆ ಒಂದು ಲಕ್ಷ. ಸಂಬಳ, ಬಿಸಿಯೂಟ, ಪುಸ್ತಕ, ಸಮವಸ್ತ್ರ ಇದರಲ್ಲಿ ಸೇರುವುದಿಲ್ಲ, ಅವು ಬೇರೆ ಬೇರೆ ಲೆಕ್ಕದಲ್ಲಿ ಬರುತ್ತವೆ. ಇದು ಶಾಲೆ ನಡೆಸುವ ಕೈಖರ್ಚು. ಸೀಮೆಸುಣ್ಣ, ರಿಜಿಸ್ಟರು, ಫಿನಾಯಿಲ್, ಮುರಿದ ಬಾಗಿಲು, ಕೆಟ್ಟ ನಲ್ಲಿ, ಸೋರುವ ಮಾಡು, ಎಲ್ಲ ಇದರಲ್ಲೇ ಆಗಬೇಕು. ಇದರಲ್ಲಿ ನೂರಕ್ಕೆ ಹತ್ತು ಸ್ವಚ್ಛತೆಗೆ ತೆಗೆದಿಡಬೇಕು.

ಮೊದಲ ವರ್ಷ ಮಾಡಿನ ಅರ್ಧ ಕೈಯಾಡಿಸಿದೆವು. ಉಳಿದದ್ದು ಹುಡುಗಿಯರ ಶೌಚಾಲಯದ ಬಾಗಿಲಿಗೂ ನೀರಿನ ಮೋಟರಿಗೂ ಹೋಯಿತು. ಇನ್ನರ್ಧ ಮುಂದಿನ ವರ್ಷ ಅಂದುಕೊಂಡೆವು.

ಮುಂದಿನ ವರ್ಷ 29 ಮಕ್ಕಳಾದರು.

ಮೂರು ಮಕ್ಕಳು ಕಮ್ಮಿ. ಯಾಕೆ ಅಂತ ಊರಿಗೆಲ್ಲ ಗೊತ್ತು. ಒಬ್ಬಳನ್ನು ಮಡಿಕೇರಿಯ ಅತ್ತೆ ಮನೆಯಲ್ಲಿಟ್ಟು ಖಾಸಗಿ ಶಾಲೆಗೆ ಹಾಕಿದರು. ಇನ್ನಿಬ್ಬರು ಅಣ್ಣ ತಮ್ಮ, ಲೈನ್ ಮನೆಯವರು, ಅಂದರೆ ತೋಟದ ಕೆಲಸದವರಿಗೆ ಸಾಲಾಗಿ ಕಟ್ಟಿದ ಮನೆಗಳವರು. ಅವರ ಅಪ್ಪ ಅಮ್ಮನಿಗೆ ಸಿದ್ದಾಪುರದ ಕಡೆ ಬೇರೆ ತೋಟದಲ್ಲಿ ಕೆಲಸ ಸಿಕ್ಕಿತು, ಮಕ್ಕಳೂ ಹೋದರು. ಇದರಲ್ಲಿ ಶಾಲೆಯ ತಪ್ಪು ಏನೂ ಇಲ್ಲ. ಆದರೆ ಅನುದಾನ 25,000ದಿಂದ 10,000ಕ್ಕೆ ಇಳಿಯಿತು. ಮಾಡು ರಿಪೇರಿಗೆ ಬಂದ ಆಚಾರಿ ಏಣಿ ಮೇಲಿಂದಲೇ ಕೇಳಿದರು, "ಮಕ್ಕಳು ಕಮ್ಮಿ ಆದ್ರು ಅಂತ ಮಾಡು ಸಣ್ಣ ಆಗ್ತದಾ ಅಕ್ಕ?"

ಆ ವರ್ಷದ ಲೆಕ್ಕಪುಸ್ತಕದ ಪ್ರತಿ ನನ್ನ ಹತ್ತಿರ ಇನ್ನೂ ಇದೆ. ಸ್ವಚ್ಛತೆಗೆ 1,000. ಹಂಚು 60, ತಲಾ 45ರಂತೆ 2,700. ಮಡಿಕೇರಿಯಿಂದ ಹಂಚು ತಂದ ಜೀಪಿನ ಬಾಡಿಗೆ 1,800. ಆಚಾರಿಗೆ ಎರಡು ದಿನದ ಕೂಲಿ 2,400. ಉಳಿದದ್ದು 2,100. ಅದರಲ್ಲಿ ಹತ್ತು ತಿಂಗಳ ಕರೆಂಟ್ ಬಿಲ್, ಸೀಮೆಸುಣ್ಣ, ಪೊರಕೆ, ಹಾಜರಿ ಪುಸ್ತಕ, ಸ್ವಾತಂತ್ರ್ಯ ದಿನದ ಸಿಹಿ. ತಿಂಗಳಿಗೆ 210 ರೂಪಾಯಿ. ಜೀಪಿನ ಬಾಡಿಗೆ ನೋಡಿ. ಅಷ್ಟು ಹಂಚಿನ ಬೆಲೆಯ ಮೂರರಲ್ಲಿ ಎರಡು ಪಾಲು ಬರೀ ಅದನ್ನು ಗುಡ್ಡ ಇಳಿಸಿ ತರುವುದಕ್ಕೇ ಹೋಯಿತು. ಬಯಲು ಸೀಮೆಯ ಶಾಲೆಗೆ ಈ ಖರ್ಚು ಇಷ್ಟು ಬರುವುದಿಲ್ಲ. ಅಲ್ಲಿ ವರ್ಷಾವರ್ಷ ಹಂಚು ಜಾರುವುದೂ ಇಲ್ಲ. ಆದರೆ ಅನುದಾನದ ಪಟ್ಟಿಯಲ್ಲಿ ಅವರಿಗೂ 10,000, ನಮಗೂ 10,000.

ಬಯಲು ಸೀಮೆಯವರಿಗೆ ಜಾಸ್ತಿ ಸಿಗುತ್ತಿದೆ ಅಂತ ನಾನು ಹೇಳುತ್ತಿಲ್ಲ. ಅವರಿಗೂ ಸಾಲದು. ನಾನು ಹೇಳುವುದು ಇಷ್ಟೆ: ತಲೆ ಎಣಿಸಿ ಹಣ ಹಂಚಿದರೆ ಗುಡ್ಡದ ಸಣ್ಣ ಶಾಲೆ ಯಾವಾಗಲೂ ಸೋಲುತ್ತದೆ. ಮಾಡು, ಗೋಡೆ, ಬಾವಿ, ಶೌಚಾಲಯ, ಇವಕ್ಕೆ ಮಕ್ಕಳ ಸಂಖ್ಯೆ ಗೊತ್ತಿಲ್ಲ. ಮಳೆಗಂತೂ ಗೊತ್ತೇ ಇಲ್ಲ.

ಕೊಡಗು ರಾಜ್ಯದಲ್ಲೇ ಅತಿ ಕಡಿಮೆ ಜನ ಇರುವ ಜಿಲ್ಲೆ. 2011ರ ಜನಗಣತಿಯಲ್ಲಿ 5,54,519 ಜನ, ಚದರ ಕಿಲೋಮೀಟರಿಗೆ 135. ಮನೆ ಅಂದರೆ ಒಂದು ಗುಡ್ಡಕ್ಕೆ ಒಂದು, ತೋಟಕ್ಕೆ ಒಂದು ಲೈನು. ಇಂಥ ಕಡೆ ಶಾಲೆ ಸಣ್ಣದಾಗಿಯೇ ಇರುತ್ತದೆ. ಇಷ್ಟು ಚದುರಿದ ಮನೆಗಳ ನಡುವೆ ಒಂದು ಶಾಲೆಗೆ 100 ಮಕ್ಕಳನ್ನು ಎಲ್ಲಿಂದ ತರುವುದು?

ಇನ್ನೊಂದು ಸಂಗತಿ ಯಾರ ಕಣ್ಣಿಗೂ ಬೀಳುವುದಿಲ್ಲ. ಮಕ್ಕಳ ಲೆಕ್ಕ ತೆಗೆಯುವುದು ಶಾಲೆ ಶುರುವಾದ ಮೊದಲ ಕೆಲವು ತಿಂಗಳಲ್ಲಿ. ಕಾಫಿ ಕುಯ್ಲು ಶುರುವಾಗುವುದು ಡಿಸೆಂಬರ್ ಹೊತ್ತಿಗೆ. ಆಗ ಅಸ್ಸಾಮಿನಿಂದ, ಬಂಗಾಳದಿಂದ, ಉತ್ತರ ಕರ್ನಾಟಕದಿಂದ ಕೆಲಸದವರು ಬರುತ್ತಾರೆ. ಒಂದು ವರ್ಷ ನಮ್ಮ ಶಾಲೆಗೆ ಡಿಸೆಂಬರ್‌ನಲ್ಲಿ ಆರು ಮಕ್ಕಳು ಬಂದರು. ನಾಲ್ವರಿಗೆ ಕನ್ನಡದ ಒಂದು ಅಕ್ಷರ ಗೊತ್ತಿರಲಿಲ್ಲ. ಅತಿಥಿ ಶಿಕ್ಷಕಿ ಅವರನ್ನು ಪಕ್ಕದಲ್ಲಿ ಕೂರಿಸಿಕೊಂಡು ಮರ, ಮಳೆ, ಮನೆ ಅಂತ ಬೆರಳು ತೋರಿಸಿ ಕಲಿಸಿದರು. ಮಾರ್ಚ್‌ನಲ್ಲಿ ಕುಯ್ಲು ಮುಗಿದ ಮೇಲೆ ಆ ಮಕ್ಕಳು ಹೋದರು. ಮೂರು ತಿಂಗಳು ಆ ಆರು ಮಕ್ಕಳು ನಮ್ಮವರೇ. ಆದರೆ ನಮ್ಮ ಅನುದಾನ ನಿಗದಿಯಾದ ಸಂಖ್ಯೆಯಲ್ಲಿ ಅವರು ಇರಲೇ ಇಲ್ಲ.

ಆ ಅತಿಥಿ ಶಿಕ್ಷಕಿಯ ಬಗ್ಗೆ ಎರಡು ಮಾತು ಹೇಳಲೇಬೇಕು. ಬಿ.ಎ., ಡಿ.ಎಡ್. ಮಾಡಿದವರು. ಆಗ ತಿಂಗಳಿಗೆ ಗೌರವಧನ 10,000 ರೂಪಾಯಿ. ಅದೂ ಎಷ್ಟೋ ಸಲ ಎರಡು ಮೂರು ತಿಂಗಳು ಸೇರಿ ಬರುತ್ತಿತ್ತು. ಬೇಸಿಗೆ ರಜೆಯಲ್ಲಿ ಅದೂ ಇಲ್ಲ. ಬಸ್ ಇಳಿದು ಎರಡು ಕಿಲೋಮೀಟರ್ ನಡೆದು ಬರುತ್ತಿದ್ದರು, ಕಾಲಿಗೆ ಜಿಗಣೆ ಹತ್ತದ ಹಾಗೆ ಉಪ್ಪು, ಸುಣ್ಣ ಹಚ್ಚಿಕೊಂಡು. ಕುಯ್ಲಿನ ಸಮಯದಲ್ಲಿ ತೋಟಕ್ಕೆ ಹೋದರೆ ಅದಕ್ಕಿಂತ ಹೆಚ್ಚು ಸಿಗುತ್ತಿತ್ತು. ಒಂದು ದಿನ ಕೇಳಿದೆ, ಯಾಕೆ ಬರುತ್ತೀರಿ ಅಂತ. "ಇದು ಬಿಟ್ರೆ ಮತ್ತೆ ಹಿಡಿಯೋಕೆ ಆಗಲ್ಲ ಅಕ್ಕ" ಅಂದರು. ಅವರು ಹೇಳಿದ್ದು ಕೆಲಸದ ವಿಷಯ ಇರಬೇಕು. ನನಗೆ ಆ ಆರು ಮಕ್ಕಳ ನೆನಪಾಯಿತು.

ಕಾನೂನು ಇಲ್ಲ ಅಂತಲ್ಲ. 2010ರ ಏಪ್ರಿಲ್ 1ರಿಂದ ಜಾರಿಯಲ್ಲಿರುವ ಶಿಕ್ಷಣ ಹಕ್ಕು ಕಾಯ್ದೆಯ ಪ್ರಕಾರ 60 ಮಕ್ಕಳವರೆಗಿನ ಶಾಲೆಗೂ ಇಬ್ಬರು ಶಿಕ್ಷಕರು ಇರಬೇಕು. ಹತ್ತೇ ಮಕ್ಕಳಿದ್ದರೂ ಇಬ್ಬರು. ಈ ನಿಯಮ ಬರೆದವರಿಗೆ ಶಾಲೆ ಅಂದರೇನು ಅಂತ ಗೊತ್ತಿತ್ತು. ಒಬ್ಬರೇ ಇದ್ದರೆ ಅವರು ಮೀಟಿಂಗಿಗೆ ಹೋದ ದಿನ ಶಾಲೆಗೆ ರಜೆ. ಅದೇ ವರ್ಷದ ಕೇಂದ್ರದ ನಿಯಮಗಳಲ್ಲಿ ಇನ್ನೊಂದು ಮಾತಿದೆ, ಅದನ್ನು ಓದಿದಾಗ ನಮ್ಮೂರನ್ನು ನೋಡಿಯೇ ಬರೆದರೇನೋ ಅನ್ನಿಸಿತು. ಒಂದರಿಂದ ಐದರವರೆಗಿನ ಶಾಲೆ ಮನೆಯಿಂದ ಒಂದು ಕಿಲೋಮೀಟರ್ ಒಳಗೆ, ಆರರಿಂದ ಎಂಟರವರೆಗಿನದು ಮೂರು ಕಿಲೋಮೀಟರ್ ಒಳಗೆ. ಆದರೆ ದಾರಿ ಕಷ್ಟದ ಕಡೆ, ಭೂಕುಸಿತ, ಪ್ರವಾಹದ ಭಯ ಇರುವ ಕಡೆ, ರಸ್ತೆ ಇಲ್ಲದ ಕಡೆ, ಈ ದೂರವನ್ನು ಇನ್ನೂ ಕಮ್ಮಿ ಮಾಡಬೇಕು. ಜಾಸ್ತಿ ಅಲ್ಲ, ಕಮ್ಮಿ.

ಹಾಗಿದ್ದರೂ ನಮ್ಮ ಕಿವಿಗೆ ಬೀಳುತ್ತಿರುವುದು ಸಣ್ಣ ಶಾಲೆಗಳನ್ನು ಮುಚ್ಚಿ ದೊಡ್ಡದಕ್ಕೆ ಒಟ್ಟು ಸೇರಿಸುವ ಮಾತು. ಇಲಾಖೆಯ ಒಬ್ಬ ಅಧಿಕಾರಿ ಒಮ್ಮೆ ನನ್ನ ಹತ್ತಿರ ಬಹಳ ಸಮಾಧಾನದಿಂದಲೇ ಹೇಳಿದರು. "ಮೇಡಂ, 12 ಮಕ್ಕಳಿಗೆ ಇಬ್ಬರು ಶಿಕ್ಷಕರು, ಒಂದು ಕಟ್ಟಡ, ಒಬ್ಬರು ಅಡುಗೆಯವರು. ಒಂದು ಮಗುವಿಗೆ ಎಷ್ಟು ಬೀಳುತ್ತದೆ ಲೆಕ್ಕ ಹಾಕಿ." ಹಾಕಿದ್ದೇನೆ. ಜಾಸ್ತಿ ಬೀಳುತ್ತದೆ, ನಿಜ. ದೊಡ್ಡ ಶಾಲೆಯಲ್ಲಿ ಮಕ್ಕಳಿಗೆ ಜೊತೆ ಸಿಗುತ್ತದೆ, ಆಟದ ಮೈದಾನ ಸಿಗುತ್ತದೆ, ವಿಷಯಕ್ಕೊಬ್ಬ ಶಿಕ್ಷಕರು ಸಿಗುತ್ತಾರೆ, ಅದೂ ನಿಜ. 2018ರಿಂದ ಬಂದ ಕರ್ನಾಟಕ ಪಬ್ಲಿಕ್ ಶಾಲೆಗಳು ಒಂದೇ ಆವರಣದಲ್ಲಿ ಪಿಯುಸಿವರೆಗೆ ಓದಿಸುತ್ತವೆ. ಅಂಥ ಶಾಲೆಗೆ ನನ್ನ ಮಗಳನ್ನು ಕಳಿಸಲು ನನಗೆ ಖುಷಿಯೇ.

ಆದರೆ ಅಲ್ಲಿಗೆ ಹೋಗುವುದು ಹೇಗೆ? ನಮ್ಮ ಪಕ್ಕದ ಊರಿನ ಶಾಲೆಯಲ್ಲಿ ಮಕ್ಕಳ ಸಂಖ್ಯೆ ಸೊನ್ನೆಗೆ ಇಳಿದು ಬೀಗ ಬಿತ್ತು. ಮುಚ್ಚಿದೆವು ಅಂತ ಯಾರೂ ಹೇಳಲಿಲ್ಲ. ದಾಖಲಾತಿ ಇಲ್ಲ ಅಂದರು. ಆ ಊರಿನ ತೋಟದ ಲೈನಿನಲ್ಲಿ ಒಬ್ಬಳು ಹುಡುಗಿ ಇದ್ದಳು. ನಾಲ್ಕನೇ ತರಗತಿ ಮುಗಿಸಿದ್ದಳು. ಅವಳ ಅಮ್ಮ ಎಂಟು ಗಂಟೆಗೆ ಕೆಲಸಕ್ಕೆ ಇಳಿಯಬೇಕು. ನಮ್ಮ ಶಾಲೆಗೆ ಎರಡೂವರೆ ಕಿಲೋಮೀಟರ್, ತೋಟದ ಒಳದಾರಿ, ಆನೆ ತಿರುಗುವ ಜಾಗ. ಜೂನ್‌ನಲ್ಲಿ ಒಂದು ವಾರ ಅಮ್ಮ ಅರ್ಧ ದಿನದ ಕೂಲಿ ಬಿಟ್ಟು ಕರೆದುಕೊಂಡು ಬಂದರು. ಆಮೇಲೆ ಆನೆ ಬಂದಿದೆ ಅಂತ ಮೂರು ದಿನ ಬರಲಿಲ್ಲ. ಆಮೇಲೆ ಮಳೆ. ಟೀಚರ್ ಎರಡು ಸಲ, ನಾನೊಂದು ಸಲ ಲೈನಿಗೆ ಹೋಗಿ ಬಂದೆವು. ಮೂರನೇ ಸಲ ಹೋದಾಗ ಅವಳು ತಮ್ಮನನ್ನು ಸೊಂಟದ ಮೇಲೆ ಎತ್ತಿಕೊಂಡು ಬಾಗಿಲಲ್ಲಿ ನಿಂತಿದ್ದಳು. ಬ್ಯಾಗು ಮೊಳೆಗೆ ನೇತು ಹಾಕಿತ್ತು. ಯೂನಿಫಾರಂ ತೊಟ್ಟಿದ್ದಳು, ಅದೇ ಅವಳ ಒಳ್ಳೆಯ ಬಟ್ಟೆ.

ಅವಳನ್ನು ಶಾಲೆಗೆ ತರಲು ಬೇಕಾಗಿದ್ದದ್ದು ಒಂದು ಜೀಪು. ದಿನಕ್ಕೆ ಎರಡು ಸಲ. ಆ ಶಾಲೆಗೆ ಬೀಗ ಹಾಕಿ ಉಳಿದ ಹಣದಲ್ಲಿ ಅದು ಆಗುತ್ತಿರಲಿಲ್ಲವಾ? ಶಾಲೆ ಒಟ್ಟು ಸೇರಿಸಲೇಬೇಕು ಅಂತಿದ್ದರೆ ಮೊದಲು ವಾಹನ ಬರಲಿ, ಒಂದು ವರ್ಷ ಓಡಲಿ, ಆಮೇಲೆ ಬೀಗದ ಮಾತು. ಆ ಹುಡುಗಿಯನ್ನು ಕೊನೆಗೆ ಆಶ್ರಮ ಶಾಲೆಗೆ ಸೇರಿಸಿದರು. ಅಲ್ಲಿ ಊಟ, ವಸತಿ ಎಲ್ಲ ಇದೆ. ಆದರೆ ಒಂಬತ್ತು ವರ್ಷದ ಮಗು ಅಮ್ಮನನ್ನು ಬಿಟ್ಟು ಇರಬೇಕಾಗಿ ಬಂದದ್ದು ಎರಡೂವರೆ ಕಿಲೋಮೀಟರ್ ದಾರಿಗೋಸ್ಕರ.

ಸರ್ಕಾರಕ್ಕೆ ಗುಡ್ಡದ ಲೆಕ್ಕ ಬರುವುದೇ ಇಲ್ಲ ಅಂತಲ್ಲ. ಮಲೆನಾಡಿನಲ್ಲಿ ಹಳ್ಳ ದಾಟುವ ಮಕ್ಕಳಿಗೆ ಕಾಲುಸಂಕ ಕಟ್ಟಲು 'ಶಾಲಾ ಸಂಪರ್ಕ ಸೇತು' ಅಂತ ಯೋಜನೆ ಮಾಡಿದರು. ಅಲ್ಲಿ ಮಕ್ಕಳ ತಲೆ ಎಣಿಸಿದ್ದಕ್ಕಿಂತ ಹಳ್ಳ ಎಣಿಸಿದ್ದು ಮುಖ್ಯ. ಸೇತುವೆ ಬಂದ ಊರುಗಳಲ್ಲಿ ಅಮ್ಮಂದಿರು ಹಳ್ಳದ ಹತ್ತಿರ ಕಾಯುತ್ತಾ ನಿಲ್ಲುವುದು ತಪ್ಪಿತು. ಕಲ್ಯಾಣ ಕರ್ನಾಟಕಕ್ಕೆ ವಿಶೇಷ ಸ್ಥಾನಮಾನ ಕೊಡುವ ಸಂವಿಧಾನದ 371ಜೆ ವಿಧಿ ಬಂದದ್ದೂ ಇದೇ ಮಾತಿನ ಮೇಲೆ, ಎಲ್ಲರಿಗೂ ಒಂದೇ ಅಳತೆ ಆಗುವುದಿಲ್ಲ ಅಂತ. ಅವರಿಗೆ ಸಿಕ್ಕಿದ್ದು ಸರಿ. ಅದರಲ್ಲಿ ಪಾಲು ಕೇಳುತ್ತಿಲ್ಲ, ಆ ಮಾತನ್ನು ನಮಗೂ ಅನ್ವಯಿಸಿ ಅಂತ ಕೇಳುತ್ತಿದ್ದೇನೆ.

ಬಯಲಿಗೆ ಹೊಂದುವ ಯೋಜನೆ ಗುಡ್ಡಕ್ಕೆ ಹೊಂದುವುದಿಲ್ಲ. 2006-07ರಿಂದ ಎಂಟನೇ ತರಗತಿಯವರಿಗೆ ಸೈಕಲ್ ಕೊಟ್ಟರು. ಒಳ್ಳೆಯ ಯೋಜನೆ, ಎಷ್ಟೋ ಜಿಲ್ಲೆಗಳಲ್ಲಿ ಹೆಣ್ಣುಮಕ್ಕಳು ಹೈಸ್ಕೂಲು ಮುಗಿಸಿದ್ದು ಅದರಿಂದ. ನಮ್ಮ ಏರಿನಲ್ಲಿ ಸೈಕಲ್ ತುಳಿಯುವುದಕ್ಕಿಂತ ತಳ್ಳುವುದೇ ಜಾಸ್ತಿ. 2023ರಲ್ಲಿ ಶಕ್ತಿ ಯೋಜನೆ ಬಂತು. ಸರ್ಕಾರಿ ಬಸ್ ಬರುವ ಊರಿನ ಹುಡುಗಿಯರಿಗೆ ದೊಡ್ಡ ಉಪಕಾರ. ನಮ್ಮ ಕಡೆ ಬೆಳಿಗ್ಗೆ ಬರುವುದು ಖಾಸಗಿ ಬಸ್ಸು. ಅದರಲ್ಲಿ ಟಿಕೆಟ್ ಕೊಡಲೇಬೇಕು.

ಒಳ್ಳೆಯದು ಆದಾಗ ಅದನ್ನೂ ಹೇಳಬೇಕು. 2023ರ ರಾಜ್ಯೋತ್ಸವದ ದಿನ ಸರ್ಕಾರಿ ಶಾಲೆಗಳಿಗೆ ಕರೆಂಟು, ನೀರು ಉಚಿತ ಅಂತ ಮುಖ್ಯಮಂತ್ರಿಗಳು ಘೋಷಿಸಿದಾಗ ನಮ್ಮ ಟೀಚರ್ ನನಗೆ ಫೋನ್ ಮಾಡಿದರು. ತಿಂಗಳಿಗೆ 210 ರೂಪಾಯಿಯಲ್ಲಿ ಶಾಲೆ ನಡೆಸಿದವರಿಗೆ ಮಾತ್ರ ಆ ಖುಷಿ ಅರ್ಥ ಆಗುತ್ತದೆ.

ಹಣ ಎಷ್ಟು ಅನ್ನುವಷ್ಟೇ ಮುಖ್ಯ, ಯಾವಾಗ ಅನ್ನುವುದು. ಕಾಫಿ ಬೆಳೆಯುವವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಹೂಮಳೆ ಮಾರ್ಚ್, ಏಪ್ರಿಲ್‌ನಲ್ಲಿ ಬರಬೇಕು. ಅದೇ ನೀರು ಜೂನ್‌ನಲ್ಲಿ ಎಷ್ಟು ಸುರಿದರೂ ಹೂವಾಗುವುದಿಲ್ಲ. ಮಾಡಿನ ಕೆಲಸ ಮೇ ತಿಂಗಳ ಒಳಗೆ ಮುಗಿಯಬೇಕು. ಆ ವರ್ಷ ನಮಗೆ ಹಣ ಬಂದದ್ದು ಮಳೆ ಜೋರಾದ ಮೇಲೆ. ಹಂಚಿನ ಅಂಗಡಿಯಲ್ಲಿ ಸಾಲ ಹೇಳಿದೆ. ಆಚಾರಿ ಕೂಲಿಗೆ ಎರಡು ತಿಂಗಳು ಕಾದರು. ಅವರ ಮೊಮ್ಮಗ ನಮ್ಮ ಶಾಲೆಯಲ್ಲೇ ಓದುತ್ತಿದ್ದ, ಅದಕ್ಕೆ ಕಾದರು.

ದಾನಿಗಳು ಇದ್ದಾರಲ್ಲ ಅಂತ ಕೆಲವರು ಹೇಳುತ್ತಾರೆ. ಇದ್ದಾರೆ. ನಮ್ಮ ಹಳೆಯ ವಿದ್ಯಾರ್ಥಿಗಳು ಸೇರಿ ಗೋಡೆಗೆ ಬಣ್ಣ ಬಳಿಸಿದರು, ಕುರ್ಚಿ ಕೊಡಿಸಿದರು. ಅವರಲ್ಲಿ ಇಬ್ಬರು ಸೈನ್ಯದಿಂದ ನಿವೃತ್ತರಾದವರು, ಪೆನ್ಷನ್ ದುಡ್ಡಲ್ಲಿ ನೀರಿನ ಫಿಲ್ಟರ್ ಕೊಟ್ಟರು. ಆ ಋಣ ದೊಡ್ಡದು. ಆದರೆ ಶಿಕ್ಷಕರನ್ನು ಯಾರೂ ದಾನ ಕೊಡಲಾರರು. ಪ್ರತಿ ವರ್ಷದ ಹಂಚನ್ನೂ ಕೊಡಲಾರರು. ಕಾಫಿಗೆ ಒಳ್ಳೆಯ ಬೆಲೆ ಇದ್ದ ವರ್ಷ ಊರು ಕೈಬಿಚ್ಚಿ ಕೊಡುತ್ತದೆ, ಬೆಲೆ ಬಿದ್ದ ವರ್ಷ ಕೊಡಲಾಗುವುದಿಲ್ಲ. ಬೆಲೆ ಬಿದ್ದ ವರ್ಷವೇ ಸರ್ಕಾರಿ ಶಾಲೆಗೆ ಮಕ್ಕಳು ಜಾಸ್ತಿ ಬರುವುದು.

ದೇಶದ ಉತ್ಪನ್ನದಲ್ಲಿ ನೂರಕ್ಕೆ ಆರು ಭಾಗ ಶಿಕ್ಷಣಕ್ಕೆ ಇಡಬೇಕು ಅಂತ ಕೊಠಾರಿ ಆಯೋಗ ಹೇಳಿದ್ದು 1966ರಲ್ಲಿ. 2020ರ ರಾಷ್ಟ್ರೀಯ ಶಿಕ್ಷಣ ನೀತಿಯಲ್ಲೂ ಅದೇ ಆರು ಭಾಗದ ಮಾತು ಮತ್ತೆ ಬರೆದಿದ್ದಾರೆ. ನಡುವೆ 54 ವರ್ಷ. ನನ್ನ ಅಮ್ಮ ಓದಿದ್ದೂ ಇದೇ ಕಟ್ಟಡದಲ್ಲಿ.

2018ರ ಆಗಸ್ಟ್ ಕೊಡಗಿನ ಯಾರಿಗೂ ಮರೆಯುವುದಿಲ್ಲ. ಗುಡ್ಡಗಳು ಕುಸಿದವು, ಮನೆ, ತೋಟ, ರಸ್ತೆ ಎಲ್ಲ ಜಾರಿ ಹೋದವು. ಆಗ ಜನ ಎಲ್ಲಿಗೆ ಹೋದರು? ಎಷ್ಟೋ ಕಡೆ ಶಾಲೆಗೇ. ಬೆಂಚುಗಳನ್ನು ಬದಿಗೆ ಸರಿಸಿ ಚಾಪೆ ಹಾಸಿದರು. ಬಿಸಿಯೂಟದ ಪಾತ್ರೆಗಳಲ್ಲೇ ಗಂಜಿ ಬೇಯಿಸಿದರು. ನನ್ನ ಚಿಕ್ಕಮ್ಮ ಹಾಗೆ ಒಂದು ಶಾಲೆಯಲ್ಲಿ ಹನ್ನೊಂದು ದಿನ ಇದ್ದರು. ಕಪ್ಪು ಹಲಗೆಯ ಮೇಲೆ ಮಕ್ಕಳು ಬರೆದ ಮಗ್ಗಿ ಅಳಿಸಿರಲಿಲ್ಲ, ರಾತ್ರಿ ನಿದ್ದೆ ಬಾರದಾಗ ಅದನ್ನೇ ಓದುತ್ತಿದ್ದೆ ಅಂತ ಈಗಲೂ ಹೇಳುತ್ತಾರೆ. ಊರಿನಲ್ಲಿ ಎಲ್ಲರಿಗೂ ಸೇರಿದ ಗಟ್ಟಿ ಮಾಡು ಅಂತ ಇರುವುದು ಅದೊಂದೇ. ಅದನ್ನು ಕಾಯಲು ವರ್ಷಕ್ಕೆ 10,000 ಸಾಕು ಅಂತ ನಿಜವಾಗಿಯೂ ಯಾರಾದರೂ ನಂಬುತ್ತಾರಾ?

ನಾವು ಕೇಳುತ್ತಿರುವುದು ಸುಮ್ನೆ ಜಾಸ್ತಿ ಕೊಡಿ ಅಂತ ಅಲ್ಲ. ಗುಡ್ಡಗಾಡಿನ ಶಾಲೆಗೆ ಮಕ್ಕಳು ಎಷ್ಟೇ ಇರಲಿ, ಮಾಡು ಮತ್ತು ಶೌಚಾಲಯದ ಖರ್ಚಿಗೆ ಒಂದು ನಿಗದಿ ಮೊತ್ತ ಇರಲಿ. ಮಳೆ ಜಾಸ್ತಿ ಇರುವ ಹೋಬಳಿಗೆ ಸ್ವಲ್ಪ ಜಾಸ್ತಿ ಇರಲಿ. ಅದು ಏಪ್ರಿಲ್‌ನಲ್ಲೇ ಬರಲಿ. 30, 31 ಅನ್ನುವ ಗೆರೆಯಲ್ಲಿ ಒಂದು ಮಗುವಿಗೆ 15,000 ಏರಿಳಿಯುವುದು ನಿಲ್ಲಲಿ. ಶಿಕ್ಷಕರು ಇಬ್ಬರು ಇರಲಿ, ಅದು ಕಾನೂನೇ ಹೇಳಿದ ಮಾತು, ಅವರು ಕಾಯಂ ಆಗಿರಲಿ. ಇದನ್ನೆಲ್ಲ ಅರ್ಜಿ ಬರೆದು ಕೊಟ್ಟಿದ್ದೇವೆ, ಇನ್ನೂ ಬರೆಯುತ್ತೇವೆ.

ನನ್ನ ಮಗಳು ಈಗ ಬೇರೆ ಶಾಲೆಗೆ ಹೋಗುತ್ತಾಳೆ, ನನ್ನ ಅವಧಿ ಮುಗಿದಿದೆ. ಈಗಿನ ಅಧ್ಯಕ್ಷೆ ಲೈನ್ ಮನೆಯವರು, ಇಲ್ಲಿನ ಬುಡಕಟ್ಟಿನವರಾದ ಎರವರ ಪೈಕಿ. ಕಾಯ್ದೆಯ ಪ್ರಕಾರ ಸಮಿತಿಯಲ್ಲಿ ನಾಲ್ಕರಲ್ಲಿ ಮೂರು ಪಾಲು ಪೋಷಕರೇ ಇರಬೇಕು, ಅರ್ಧ ಹೆಂಗಸರು ಇರಬೇಕು. ಆದರೂ ಅವರ ಹೆಸರು ಬಂದಾಗ ಕೆಲವರು ಸುಮ್ಮನಾದರು. ಅವರು ಅಧ್ಯಕ್ಷೆಯಾದ ಮೊದಲ ಭಾನುವಾರವೇ ನನ್ನನ್ನು ಶಾಲೆಗೆ ಕರೆದರು. "ಅಕ್ಕ, ಅರ್ಜಿಯಲ್ಲಿ ಮಾಡು ಸೋರ್ತದೆ ಅಂತ ಬರೆದ್ರೆ ಸಾಕಾಗುದಿಲ್ಲ, ಎಷ್ಟು ಅಂತ ಬರೀಬೇಕು" ಅಂದರು. ಇಬ್ಬರೂ ಸೇರಿ ಏಣಿ ಇಟ್ಟು, ಮಧ್ಯಾಹ್ನದವರೆಗೆ ಸಾಲು ಸಾಲಾಗಿ ಎಣಿಸಿದೆವು.

ಕಳೆದ ಗ್ರಾಮಸಭೆಯಲ್ಲಿ ಅವರು ಎದ್ದು ನಿಂತರು. ಕೈಯಲ್ಲಿ ಅರ್ಜಿ ಇತ್ತು, ಆದರೆ ನೋಡಲಿಲ್ಲ. ಶಾಲೆಯಲ್ಲಿ ಈಗ 19 ಮಕ್ಕಳಿದ್ದಾರೆ ಅಂದರು. ಹಿಂದಿನ ಸಾಲಿನಿಂದ ಯಾರೋ "ಅಷ್ಟೇನಾ?" ಅಂದರು. ಅವರು ಆ ಕಡೆ ತಿರುಗಲಿಲ್ಲ. "ಹಂಚು 1,640, ಅದರಲ್ಲಿ ಒಡೆದದ್ದು 212. ಬರ್ಕೊಳ್ಳಿ" ಅಂತ ಪಿಡಿಒ ಅವರಿಗೆ ಹೇಳಿದರು. ಪಿಡಿಒ ಪುಸ್ತಕದ ಹಾಳೆ ತಿರುವಿ, ಎರಡೂ ಸಂಖ್ಯೆ ಬರೆದುಕೊಂಡರು.